ಬೀಜಕ್ಕಂತ ಎತ್ತಿಟ್ಟದ್ದು

ಜನವರಿಯ ಮೊದಲ ಭಾನುವಾರ ನಮ್ಮ ಸಭೆಯಲ್ಲಿ ಒಡಂಬಡಿಕೆಯ ಆರಾಧನೆ. ವರ್ಷದ ಕೊನೆಯ ರಾತ್ರಿ ಕಾಲಿಡಲು ಜಾಗವಿಲ್ಲದಂತೆ ತುಂಬುವ ದೇವಾಲಯ ಆ ಭಾನುವಾರ ಅರ್ಧ ಖಾಲಿ ಇರುತ್ತದೆ. ನನಗೆ ಮಾತ್ರ ವರ್ಷದಲ್ಲಿ ಇದಕ್ಕಿಂತ ದೊಡ್ಡ ದಿನವಿಲ್ಲ, ಇದಕ್ಕಿಂತ ಹೆದರಿಕೆಯ ದಿನವೂ ಇಲ್ಲ. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮುಂಚೆ ಎಲ್ಲರೂ ಮೊಣಕಾಲೂರಿ ಒಂದೇ ದನಿಯಲ್ಲಿ ಹೇಳುವ ಆ ಪ್ರಾರ್ಥನೆ ಬಲ್ಲವರಿಗೆ ಯಾಕೆ ಹೆದರಿಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. “ನಾನು ಇನ್ನು ನನ್ನವನಲ್ಲ, ನಿನ್ನವನು. ನಿನಗೆ ಬೇಕಾದ ಕೆಲಸಕ್ಕೆ ಹಚ್ಚು, ನಿನಗೆ ಬೇಕಾದವರ ಸಾಲಿನಲ್ಲಿ ನಿಲ್ಲಿಸು. ದುಡಿಯಲಿಕ್ಕೂ ಹಚ್ಚು, ಕಷ್ಟ ಪಡಲಿಕ್ಕೂ ಹಚ್ಚು.” ಇಲ್ಲಿಯತನಕ ಬಾಯಿ ಸಲೀಸಾಗಿ ಆಡುತ್ತದೆ. ಅದರ ಮುಂದಿನ ಸಾಲು: “ನಿನಗಾಗಿ ಕೆಲಸಕ್ಕೆ ತೆಗೆದುಕೊ, ಇಲ್ಲವೇ ನಿನಗಾಗಿ ಬದಿಗಿಡು.”

ನಾಲ್ಕು ವರ್ಷ ಈ ಸಾಲಿನ ನಡುವೆ ನನ್ನ ದನಿ ನಿಂತುಹೋಯಿತು. ಮೊದಲರ್ಧ ಹೇಳುತ್ತಿದ್ದೆ. ಉಳಿದರ್ಧವನ್ನು ಅಕ್ಕಪಕ್ಕದವರು ಹೇಳಿ ಮುಗಿಸುತ್ತಿದ್ದರು. ನಾನು ಹಾಳೆ ನೋಡುತ್ತ ಗಂಟಲು ಒಣಗಿಸಿಕೊಂಡು ಕೂತಿರುತ್ತಿದ್ದೆ. ದೇವರ ಮುಂದೆ ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಅನ್ನಿಸುತ್ತಿತ್ತು.

ಮೆಥೊಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸುಮಾರು 1800 ಜನರನ್ನು ಕೂಡಿಸಿ ಇಂಥ ಒಡಂಬಡಿಕೆಯನ್ನು ಮೊದಲ ಸಲ ಮಾಡಿಸಿದರು. ಆ ಮಾತುಗಳು ಎಷ್ಟೋ ಬಾಯಿ ದಾಟಿ, ಸಮುದ್ರ ದಾಟಿ, ಕನ್ನಡಕ್ಕೆ ಬಂದು, ಪುಣೆಯ ನಮ್ಮ ಸಣ್ಣ ಸಭೆಯಲ್ಲಿ ಯಾರೋ ಹಿರಿಯರು ಕೈಯಿಂದ ಬರೆದಿಟ್ಟ ಹಾಳೆಯ ಝೆರಾಕ್ಸ್ ಆಗಿ ನನ್ನ ಕೈ ಸೇರಿವೆ. ಅಷ್ಟು ದೂರದಿಂದ ಬಂದ ಮಾತು ನನ್ನ ನಾಲಿಗೆಯ ಮೇಲೆ ಬಂದು ನಿಂತುಹೋಗುತ್ತಿತ್ತಲ್ಲ, ಅದೇ ನನಗೆ ಸಂಕಟ.

ಪಾಲಕನ ಸೇವೆಗೆ ದೇವರಿಂದ ಕರೆ ಬಂದದ್ದರ ಸಾಕ್ಷಿ ಹೇಳುವಾಗ ತಾರೀಕು, ಹೊತ್ತು, ಕನಸಿನಲ್ಲಿ ಕಂಡ ಬೆಳಕು ಎಲ್ಲವನ್ನೂ ಹೇಳುವವರಿದ್ದಾರೆ. ಅವರ ಮಾತನ್ನು ನಾನು ಅನುಮಾನಿಸುವುದಿಲ್ಲ. ನನಗೆ ಹಾಗೇನೂ ಆಗಲಿಲ್ಲ. ಏಳು ವರ್ಷದ ಹಿಂದೆ ಊರಾಚೆ ಕಟ್ಟಡ ಕೆಲಸದ ತಗಡಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗ ಕಾಮಾಲೆಯಿಂದ ತೀರಿಕೊಂಡ. ನಮ್ಮ ಸಭೆಯ ಪಾಲಕರಾದ ಅಯ್ಯನವರು ಊರಲ್ಲಿರಲಿಲ್ಲ. ಸಮಾಧಿಯ ಹತ್ತಿರ ಬೇರೆ ಸಭೆಯ ಪಾಲಕರೊಬ್ಬರು ಪ್ರೀತಿಯಿಂದಲೇ ಬಂದು ಮರಾಠಿಯಲ್ಲಿ ಪ್ರಾರ್ಥನೆ ಮುಗಿಸಿದರು. ಹುಡುಗನ ತಾಯಿ ಎದ್ದು ನಿಂತು, “ನಮ್ಮ ಮಾತಿನಾಗ ಯಾರರೆ ನಾಕ್ ಮಾತ್ ಹೇಳ್ರಿ ಎಪ್ಪಾ” ಅಂದಳು. ಗುಂಪಿನಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ. ಕೈಯಲ್ಲಿ ಸತ್ಯವೇದವೂ ಇರಲಿಲ್ಲ. ಬಾಯಿಪಾಠವಿದ್ದ ಇಪ್ಪತ್ತಮೂರನೆಯ ಕೀರ್ತನೆ ಹೇಳಿದೆ. “ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಆಮೇಲೆ ಏನು ಪ್ರಾರ್ಥಿಸಿದೆನೋ ನೆನಪಿಲ್ಲ. ಮುಗಿದ ಮೇಲೆ ಆ ತಾಯಿ ಎರಡೂ ಕೈಯಿಂದ ನನ್ನ ಕೈ ಹಿಡಿದು, “ಅಯ್ಯನೋರೆ, ಇವತ್ ನನ್ ಮಗ ಹೋದ ದಾರಿ ನನಗ ತಿಳೀತು” ಅಂದಳು.

ನಾನು ಅಯ್ಯನವರಲ್ಲ ಅವ್ವಾ ಅಂತ ಹೇಳಿದೆ. ಆಕೆ ಕೇಳಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ, ರಾತ್ರಿ ಮಲಗಿದಾಗ, ಮಾರನೇ ದಿನ ಕಾರ್ಖಾನೆಯಲ್ಲಿ ಮಷಿನಿನ ಮುಂದೆ ನಿಂತಾಗ ಆ ಒಂದು ಮಾತು ಬಿಡಲಿಲ್ಲ. ಬಾಲಕ ಸಮುವೇಲನು ದೇವರ ದನಿಯನ್ನು ಏಲಿಯ ದನಿ ಅಂದುಕೊಂಡು ಮೂರು ಸಲ ಎದ್ದು ಓಡಿದ. ನನ್ನದು ತಿರುಗುಮುರುಗು. ಮುದುಕಿಯೊಬ್ಬಳು ತಪ್ಪಿ ಕರೆದ ಮಾತು ಎಂದು ಎರಡು ವರ್ಷ ತಳ್ಳಿಹಾಕುತ್ತಲೇ ಇದ್ದೆ. ಅದು ಹೋಗಲಿಲ್ಲ. ಹೆಂಡತಿಗೆ ಹೇಳಿದೆ. ಉಪವಾಸವಿದ್ದು ಇಬ್ಬರೂ ಪ್ರಾರ್ಥಿಸಿದೆವು. ಕೊನೆಗೆ ಅಯ್ಯನವರ ಹತ್ತಿರ ಹೋಗಿ ಬಾಯಿಬಿಟ್ಟೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ದಾರಿ. ಸಭೆಯ ಶಿಫಾರಸು, ಅರ್ಜಿ, ಹಿರಿಯರ ಮಂಡಳಿಯ ಮುಂದೆ ಸಂದರ್ಶನ. ಮೊದಲ ವರ್ಷ ವೇದಶಾಸ್ತ್ರ ಕಲಿಯಲು ಒಬ್ಬರನ್ನೇ ಕಳಿಸಬಹುದಿತ್ತು, ಇಬ್ಬರಿದ್ದೆವು. ನಾನೇ ಭಾನುವಾರ ಶಾಲೆಯಲ್ಲಿ ಆದಿಕಾಂಡದ ಕತೆ ಹೇಳಿಕೊಟ್ಟ ಹುಡುಗ ಆಯ್ಕೆಯಾದ. ಎರಡನೆಯ ವರ್ಷ, ಮೂರನೆಯ ವರ್ಷ, ಮುಂದಿನ ಸಲ ನೋಡೋಣ. ನಾಲ್ಕನೆಯ ವರ್ಷ ಅಷ್ಟೂ ಹೇಳಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ನನಗೆ ಈಗ ಮೂವತ್ತೆಂಟು. ಹೆಂಡತಿ, ಮಗಳು, ಊರಿಂದ ಬಂದ ಅವ್ವ, ಎಲ್ಲರೂ ನನ್ನ ಸಂಬಳದ ಮೇಲಿದ್ದಾರೆ. ನಾನೇ ಆ ಮೇಜಿನ ಆಚೆ ಕೂತಿದ್ದರೂ ಚಿಕ್ಕವನನ್ನೇ ಕಳಿಸುತ್ತಿದ್ದೆನೋ ಏನೋ.

ಆದರೆ ತಿಳುವಳಿಕೆ ಬೇರೆ, ಎದೆ ಬೇರೆ. ಬಿಬ್ವೇವಾಡಿ ಕಡೆ ಕೆಲಸವಿದ್ದಾಗಲೆಲ್ಲ ವೇದಶಾಸ್ತ್ರ ಕಲಿಸುವ ಸೆಮಿನರಿಯ ಗೇಟಿನ ಎದುರು ಗಾಡಿ ನಿಲ್ಲಿಸಿ ಒಳಗೆ ನೋಡುತ್ತಿದ್ದೆ. 1983ರಲ್ಲಿ ಯವತ್ಮಾಳದಿಂದ ಇಲ್ಲಿಗೆ ಬಂದ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಅದು. ನಾಗಾಲ್ಯಾಂಡಿನಿಂದ, ಕೇರಳದಿಂದ ಬಂದ ಹುಡುಗರು ಪುಸ್ತಕ ಹಿಡಿದುಕೊಂಡು ಓಡಾಡುತ್ತಿರುತ್ತಾರೆ. ಕರ್ತನೇ, ಇವರೆಲ್ಲರಿಗೂ ನಿನ್ನ ಮನೆಯಲ್ಲಿ ಜಾಗವಿದೆ, ನನಗೊಂದು ಚಾಪೆಯಷ್ಟು ಇಲ್ಲವೇ ಎಂದು ಕೇಳಿದ್ದೇನೆ. ಒಂದು ಸಂಜೆ ಮನೆಗೆ ಬಂದು ಮುಖ ಬಾಡಿಸಿ ಕೂತಾಗ ಹೆಂಡತಿ ಹೇಳಿದಳು: “ರೀ, ಕಾಯ್ತಿರೋದು ನೀವೊಬ್ಬರೇ ಅಲ್ಲ. ನಾನೂ ಕಾಯ್ತಿದ್ದೀನಿ. ನನ್ನನ್ನ ಯಾರೂ ಸಂದರ್ಶನಕ್ಕೆ ಕರೆಯಲ್ಲ ಅಷ್ಟೆ.” ಅದನ್ನು ಕೇಳಿದ ಮೇಲೆ ನಾನು ಗೇಟಿನ ಮುಂದೆ ನಿಲ್ಲುವುದನ್ನು ಬಿಟ್ಟೆ.

ಗೆಳೆಯರು ಬೇರೆ ದಾರಿ ತೋರಿಸಿದರು. ನಿನಗೆ ಕರೆ ಇದೆ, ಬಾಯಲ್ಲಿ ವಾಕ್ಯವಿದೆ, ಒಂದು ಹಾಲ್ ಬಾಡಿಗೆಗೆ ಹಿಡಿ, ಯಾಕೆ ಕಾಯುತ್ತೀ ಅಂದರು. ಹಾಗೆ ಮಾಡಿದವರಲ್ಲಿ ನಿಜವಾದ ದೇವಜನರನ್ನೂ ನಾನು ಕಂಡಿದ್ದೇನೆ. ಆದರೆ ಮೂರು ತಿಂಗಳು ಫೋನಿನಲ್ಲಿ ಪಾಠ ಕೇಳಿ ತಮ್ಮನ್ನು ತಾವೇ ಅಪೊಸ್ತಲರೆಂದು ಬೋರ್ಡಿನ ಮೇಲೆ ಬರೆಸಿಕೊಳ್ಳುವುದನ್ನು ನೋಡಿದಾಗ ಮನಸ್ಸು ನೋಯುತ್ತದೆ. ಕರೆಗೆ ಎರಡು ಕಿವಿ ಬೇಕು ಎಂದು ನಾನು ಕಲಿತದ್ದು. ಒಂದು ನನ್ನದು, ಇನ್ನೊಂದು ಸಭೆಯದು. ನನಗೆ ಕೇಳಿಸಿದ್ದು ಸಭೆಗೂ ಕೇಳಿಸಬೇಕು. ಕೇಳಿಸುವತನಕ ನಾನು ನಿಲ್ಲಬೇಕು. ಅಭಿಷೇಕದ ದಿನ ಬಿಷಪ್ಪರು, ಹಿರಿಯರು ತಲೆಯ ಮೇಲೆ ಕೈಯಿಡುತ್ತಾರಲ್ಲ, ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಳ್ಳಲು ಆಗುವುದಿಲ್ಲ.

ಅಯ್ಯನವರು ನನ್ನನ್ನು ಸಮಾಧಾನ ಪಡಿಸಲು ಹೋಗಲಿಲ್ಲ. ಅಬ್ರಹಾಮನ ಇಪ್ಪತ್ತೈದು ವರ್ಷ, ಮಿದ್ಯಾನಿನಲ್ಲಿ ಮೋಶೆಯ ನಲವತ್ತು ವರ್ಷ ಎಂದು ಎಲ್ಲರೂ ಎಣಿಸಿ ಹೇಳುವುದನ್ನು ಹೇಳಲಿಲ್ಲ. ಆ ಕತೆಗಳಲ್ಲಿ ಕಾದವರಿಗೆ ಕೊನೆಗೆ ಸಿಕ್ಕಿದೆ, ಸಿಗದವನಿಗೆ ಅವು ಚುಚ್ಚುತ್ತವೆ ಎಂದು ಅವರಿಗೆ ಗೊತ್ತಿತ್ತೇನೋ. ಒಂದು ಭಾನುವಾರದ ಪ್ರಸಂಗ ನನಗೆ ಒಪ್ಪಿಸಿ, “ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ ತಗೋ ತಮ್ಮಾ. ಮತ್ತೀಯನ ಮ್ಯಾಲೆ ಬ್ಯಾಡ. ಬಾರ್ಸಬನ ಮ್ಯಾಲೆ ಮಾತಾಡು” ಅಂದರು.

ನಾನು ಒಂದು ವಾರ ಆ ಹತ್ತು ಹನ್ನೆರಡು ವಚನಗಳ ಸುತ್ತ ತಿರುಗಿದೆ. ಹನ್ನೆರಡು ಅಪೊಸ್ತಲರಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗ ಖಾಲಿ. ಸುಮಾರು ನೂರಿಪ್ಪತ್ತು ಜನ ಕೂಡಿದ್ದಾರೆ. ಯೋಹಾನನ ದೀಕ್ಷಾಸ್ನಾನದಿಂದ ಹಿಡಿದು ಕರ್ತನು ಮೇಲಕ್ಕೆ ಏರಿದ ದಿನದ ತನಕ ಜೊತೆಗಿದ್ದವನೇ ಬೇಕು ಎಂದು ಪೇತ್ರ ಹೇಳುತ್ತಾನೆ. ಇಬ್ಬರನ್ನು ನಿಲ್ಲಿಸುತ್ತಾರೆ. ಯೂಸ್ತನೆಂಬ ಹೆಸರೂ ಇದ್ದ ಬಾರ್ಸಬನೆನಿಸಿಕೊಂಡ ಯೋಸೇಫ ಒಬ್ಬ, ಮತ್ತೀಯ ಇನ್ನೊಬ್ಬ. ಎಲ್ಲರ ಹೃದಯ ಬಲ್ಲ ಕರ್ತನಿಗೆ ಪ್ರಾರ್ಥನೆ ಮಾಡಿ ಚೀಟು ಹಾಕುತ್ತಾರೆ. ಚೀಟು ಮತ್ತೀಯನಿಗೆ ಬರುತ್ತದೆ. ಅಷ್ಟೇ. ಬಾರ್ಸಬನ ಹೆಸರು ಮೊದಲು ಹೇಳಿದ್ದಾರೆ, ಅವನಿಗೆ ಮೂರು ಹೆಸರು, ಮತ್ತೀಯನಿಗೆ ಒಂದೇ. ಊರಲ್ಲಿ ಹೆಚ್ಚು ಪರಿಚಯವಿದ್ದವನು ಅವನೇ ಇರಬೇಕು ಎಂದು ನನಗನ್ನಿಸುತ್ತದೆ. ಯೋಗ್ಯತೆಯಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ, ಇದ್ದಿದ್ದರೆ ನಿಲ್ಲಿಸುತ್ತಲೇ ಇರಲಿಲ್ಲ. ಅವನು ಪ್ರಾರ್ಥನೆಯಲ್ಲಿ ಸೋಲಲಿಲ್ಲ. ಆ ಪ್ರಾರ್ಥನೆ ಅವನೂ ಮಾಡಿದ್ದೇ. ಆದರೆ ಮುಂದೆ ಅವನ ಸುದ್ದಿಯೇ ಇಲ್ಲ. ಮುನಿಸಿಕೊಂಡು ಎದ್ದು ಹೋದನೆಂದೂ ಬರೆದಿಲ್ಲ.

ನನ್ನ ಕಣ್ಣು ನಿಂತದ್ದು ಎರಡನೆಯ ಅಧ್ಯಾಯದ ಮೊದಲ ವಚನದಲ್ಲಿ. ಪಂಚಾಶತ್ತಮ ದಿನದಲ್ಲಿ ಅವರೆಲ್ಲರೂ ಒಂದೇ ಸ್ಥಳದಲ್ಲಿ ಕೂಡಿದ್ದರು. ಎಲ್ಲರೂ. ಅಂದರೆ ಬಾರ್ಸಬನೂ. ಕೆಲವೇ ದಿನದ ಹಿಂದೆ ಎಲ್ಲರ ಕಣ್ಣೆದುರು ಚೀಟು ತಪ್ಪಿದವನು ಅದೇ ಜನರ ನಡುವೆ ಮತ್ತೆ ಬಂದು ಕೂತಿದ್ದಾನೆ. ಬೆಂಕಿಯಂಥ ನಾಲಿಗೆಗಳು ಒಬ್ಬೊಬ್ಬರ ಮೇಲೆ ಇಳಿದಾಗ ಅವನ ತಲೆಯನ್ನೇನೂ ಬಿಟ್ಟು ಹೋಗಿರಲಾರವು. ಪ್ರಸಂಗದಲ್ಲಿ ಇದನ್ನು ಹೇಳುವಾಗ ನನ್ನ ದನಿ ನಡುಗಿತು. ಅದು ಬಾರ್ಸಬನಿಗಾಗಿ ಅಲ್ಲ ಎಂದು ಸಭೆಯಲ್ಲಿದ್ದವರಿಗೆಲ್ಲ ಗೊತ್ತಾಗಿರಬೇಕು. ನಾನೇ ಹೇಳಿದ ಆ ಪ್ರಸಂಗದ ನಂತರವೂ ಜನವರಿಯ ಆ ಸಾಲು ಬಾಯಿಗೆ ಬರಲಿಲ್ಲ. ಬೋಧಿಸುವುದು ಸುಲಭ.

ಹೋದ ನವೆಂಬರಿನಲ್ಲಿ ಒಬ್ಬನೇ ಕೇಡಗಾಂವಿಗೆ ಹೋದೆ. ಪುಣೆಯಿಂದ ದೌಂಡ್ ಕಡೆ ಹೋಗುವ ಲೋಕಲಿನ ದಾರಿ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವ ಊರು. ಮಹಾರಾಷ್ಟ್ರದವರು ಅವರನ್ನು ತಮ್ಮವರು ಅನ್ನುತ್ತಾರೆ, ಅದು ಸರಿಯೇ. ಆದರೆ ಅವರು ಹುಟ್ಟಿದ್ದು ನಮ್ಮ ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ, ಮಗಳಿಗೆ ಸಂಸ್ಕೃತ ಕಲಿಸಿದ್ದೇ ತಪ್ಪೆಂದು ಜನ ದೂರವಿಟ್ಟಿದ್ದರು. ಊರೂರು ತಿರುಗುತ್ತ ಪುರಾಣ ಓದಿ ಬದುಕುತ್ತಿದ್ದ ಆ ಸಂಸಾರ 1870ರ ದಶಕದ ಬರಕ್ಕೆ ಸಿಕ್ಕಿತು. ತಂದೆ, ತಾಯಿ, ಅಕ್ಕ ಹಸಿವಿನಲ್ಲಿ ಒಬ್ಬೊಬ್ಬರಾಗಿ ಹೋದರು. ಹದಿನಾರು ಹದಿನೇಳರ ಹುಡುಗಿ ಮತ್ತು ಅಣ್ಣ ಉಳಿದರು. ಇಬ್ಬರೂ ನಡೆದೂ ನಡೆದೂ 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾದಿಂದ ತೀರಿಕೊಂಡರು. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನವಾಯಿತು. ಆದರೆ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ ಎಂದು ಅವರೇ ಮುಂದೆ ಸಾಕ್ಷಿ ಹೇಳಿದ್ದಾರೆ. ಕ್ರಿಸ್ತನು ಸಿಕ್ಕಿದ್ದು ಸುಮಾರು ಎಂಟು ವರ್ಷ ಕಳೆದು.

1896ರ ಬರದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ ಹಸಿದ ಹುಡುಗಿಯರನ್ನು ಕರೆತಂದರು. ಇಟ್ಟುಕೊಳ್ಳಲು ಜಾಗ ಬೇಕಾಯಿತು. ಕೇಡಗಾಂವಿನ ಹೊಲದಲ್ಲಿ ಮುಕ್ತಿ ಎದ್ದದ್ದು ಹಾಗೆ. ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. ಅದನ್ನು ಅಚ್ಚು ಹಾಕಿದವರೂ ಅಲ್ಲಿನ ಹೆಂಗಸರೇ. ನಮ್ಮ ಗುಲ್ಬರ್ಗಾದಲ್ಲೂ ಒಂದು ಶಾಲೆ ತೆರೆದು ಮಗಳು ಮನೋರಮಾಳಿಗೆ ಒಪ್ಪಿಸಿದ್ದರು. ತನ್ನ ನಂತರ ಎಲ್ಲವನ್ನೂ ನಡೆಸಬೇಕಿದ್ದ ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ಹೋದಳು. ತಾಯಿ 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ದೆಹೋದರು.

ಅವರ ಸಮಾಧಿಯ ಹತ್ತಿರ ನಿಂತು ನಾನು ಲೆಕ್ಕ ಹಾಕಿದೆ. ಬರದಲ್ಲಿ ತಂದೆತಾಯಿಯನ್ನು ಕಳೆದುಕೊಂಡದ್ದಕ್ಕೂ ಬರದ ಮಕ್ಕಳಿಗೆ ಬಾಗಿಲು ತೆರೆದದ್ದಕ್ಕೂ ನಡುವೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು. ಆ ಇಪ್ಪತ್ತು ವರ್ಷ ಆಕೆಯನ್ನು ದೇವರು ಏನು ಮಾಡುತ್ತಿದ್ದನು? ನನಗೆ ಅಲ್ಲಿ ಉತ್ತರ ಸಿಗಲಿಲ್ಲ. ಬಿಸಿಲು ಜೋರಿತ್ತು. ಪ್ರಾರ್ಥನೆಯೂ ಸರಿಯಾಗಿ ಬರಲಿಲ್ಲ.

ವಾಪಸು ಬರುವ ಲೋಕಲಿನಲ್ಲಿ ಎದುರಿಗೆ ಕೂಲಿಗೆ ಹೊರಟ ಒಂದು ಸಂಸಾರ. ಚೀಲ, ಬುಟ್ಟಿ, ಒಂದು ಬಕೆಟ್ಟಿನಲ್ಲಿ ಪಾತ್ರೆಗಳು. ಮಾತು ಕೇಳಿದರೆ ನಮ್ಮ ಕಡೆಯವರು. ಸಣ್ಣ ಹುಡುಗ ರೊಟ್ಟಿಯ ಗಂಟಿಗೆ ಕೈ ಹಾಕಿದ. ತಾಯಿ ಮೆಲ್ಲಗೆ ಕೈ ಸರಿಸಿ, “ಮುಟ್ಟಬ್ಯಾಡ, ನಿಮ್ಮಪ್ಪಗಂತ ಎತ್ತಿಟ್ಟೀನಿ” ಅಂದಳು.

ಎತ್ತಿಟ್ಟೀನಿ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಇಡೀ ಡಬ್ಬಿಯಲ್ಲಿ ನನಗೆ ಬೂದಿ ಮತ್ತು ಒಣ ಬೇವಿನ ಎಲೆಯ ವಾಸನೆ ಬಂತು.

ನಮ್ಮೂರು ಹುಮನಾಬಾದ್ ತಾಲ್ಲೂಕಿನಲ್ಲಿ. ಅಪ್ಪ ಅವ್ವ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದಾಗ ನನ್ನನ್ನು ಆಯಿಯ, ಅಂದರೆ ಅಜ್ಜಿಯ, ಹತ್ತಿರ ಬಿಟ್ಟಿದ್ದರು. ಹತ್ತು ವರ್ಷದ ತನಕ ನನಗೆ ತಾಯಿ ಅಂದರೆ ಆಯಿಯೇ. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಕೀರ್ತನೆಗಳು ಬಾಯಿಗೆ ಬರುತ್ತಿದ್ದವು. ಶನಿವಾರ ಸಂಜೆ ಊರಿನ ದೇವಾಲಯ ಗುಡಿಸಿ ಸಾರಿಸುವವಳು ಅವಳೇ. ಮನೆಯ ಒಳಕೋಣೆಯಲ್ಲಿ, ಕತ್ತಲಲ್ಲಿ, ಒಂದು ಮಣ್ಣಿನ ಗಡಿಗೆ ಇತ್ತು. ಬಾಯಿಗೆ ಬಟ್ಟೆ ಬಿಗಿದು ಸಗಣಿ ಮೆತ್ತಿರುತ್ತಿತ್ತು. ಒಳಗೆ ಬಿಳಿಜೋಳ, ಕಾಳಿನ ನಡುನಡುವೆ ಒಲೆಯ ಬೂದಿ, ಒಣಗಿದ ಬೇವಿನ ಎಲೆ. ರಾಶಿಯಾದ ದಿನ ಎಲ್ಲಕ್ಕಿಂತ ತುಂಬಿದ ತೆನೆಗಳನ್ನು ಆರಿಸಿ ತೆಗೆದ ಕಾಳು ಅದು. ಹಸಿದು ಒಮ್ಮೆ ನಾನು ಆ ಗಡಿಗೆಗೆ ಕೈ ಹಾಕಿದ್ದೆ. ಆಯಿ ಹೊಡೆಯಲಿಲ್ಲ. ಕೈ ಹಿಡಿದು ಹೊರಗೆ ತಂದು, “ಅದು ಬೀಜಕ್ಕಂತ ಎತ್ತಿಟ್ಟದ್ದು ಅದ ತಮ್ಮಾ” ಅಂದಳು. ಎಪ್ಪತ್ತೆರಡರ ಬರದಾಗ ಮಕ್ಕಳು ನೀರು ಕುಡಿದು ಮಲಗಿದ್ರು, ಮುತ್ಯಾ ಕಲ್ಲು ಒಡೆಯಾಕ ಹೋಗಿದ್ದ, ಅವಾಗೂ ಇದನ್ನ ಮುಟ್ಟಿಲ್ಲ ಎಂದು ಹೇಳಿದಳು.

ಪುಣೆಗೆ ನನ್ನನ್ನು ಕರೆದುಕೊಂಡು ಹೋಗಲು ಅಪ್ಪ ಬಂದ ದಿನ ಹಿಂಗಾರಿ ಬಿತ್ತನೆಯ ಹೊತ್ತು. ಆಯಿ ಗಡಿಗೆಯ ಬಾಯಿ ಬಿಚ್ಚಿ, ಎರಡೂ ತೋಳು ಒಳಗೆ ಹಾಕಿ ಕಾಳು ಮೇಲೆ ಕೆಳಗೆ ಮಾಡುತ್ತಿದ್ದಳು. ನಾನು ಹೋಗ್ತೀನಿ ಆಯಿ ಅಂದ ಕೂಡಲೇ ಎದ್ದು, ಕೈ ತೊಳೆಯದೆ, ಬೂದಿ ಬಳಿದ ಆ ಅಂಗೈಯನ್ನೇ ನನ್ನ ತಲೆಯ ಮೇಲೆ ಇಟ್ಟಳು. ಬಹಳ ಹೊತ್ತು ಇಟ್ಟಳು. ಅಂಗೈ ಒರಟು, ಭಾರ, ಬೆಚ್ಚಗೆ. ಕಿವಿಯ ಹಿಂದೆ ಬೂದಿ ಉದುರಿತು, ಒಂದೆರಡು ಕಾಳು ಅಂಗಿಯ ಒಳಗೆ ಜಾರಿದವು. ಅವಳ ಪ್ರಾರ್ಥನೆ ಇಷ್ಟೇ: “ಕರ್ತನೇ, ಕೂಸು ನಿಂದು. ನಿನಗ ಬೇಕಾದಾಗ ತಗೋ.” ಬಸ್ಸಿನಲ್ಲಿ ಅಪ್ಪ ಕರ್ಚೀಪಿನಿಂದ ನನ್ನ ತಲೆ ಒರೆಸಿದರು. ವಾಸನೆ ಹೋಗಲಿಲ್ಲ. ಪುಣೆಗೆ ಬಂದು ತಲೆಗೆ ನೀರು ಹಾಕಿಕೊಂಡ ಮೇಲೂ ಹೋಗಲಿಲ್ಲ ಎಂದೇ ನನ್ನ ನೆನಪು. ಇಂದಿಗೂ ಜ್ವರ ಬಂದಾಗ, ಬಹಳ ದಣಿದಾಗ, ಮೂಗಿಗೆ ಅದೇ ಬರುತ್ತದೆ. ಮಷಿನಿನ ಎಣ್ಣೆ, ಕಬ್ಬಿಣದ ಪುಡಿಯ ನಡುವೆ ಎಲ್ಲಿಂದಲೋ ಬೂದಿ, ಬೇವು.

ಇದನ್ನೇ ನನ್ನ ಅಭಿಷೇಕ ಅನ್ನಬಹುದಲ್ಲ ಎಂದು ಯಾರೋ ಹೇಳಿದರು. ನಾನು ಒಪ್ಪುವುದಿಲ್ಲ. ಆಯಿಯೇ ಒಪ್ಪುತ್ತಿರಲಿಲ್ಲ. ಅಯ್ಯನವರು ಬಾರದೆ ರೊಟ್ಟಿ ಮುರಿಯಬಾರದು ಎಂಬ ಕಟ್ಟುನಿಟ್ಟು ಅವಳದು. ಅವಳು ನನ್ನನ್ನು ಬಿತ್ತಲಿಲ್ಲ, ಎತ್ತಿಟ್ಟಳು.

ಸಾಲಕ್ಕೆ ಹೊಲ ಹೋದದ್ದು ನಾನು ಪುಣೆಗೆ ಬಂದ ಮೂರನೆಯ ವರ್ಷ. ಅದಾದ ಆರು ವರ್ಷಕ್ಕೆ ಆಯಿ ತೀರಿಕೊಂಡಳು. ಮಣ್ಣು ಮುಗಿಸಿ ಬಂದು ಕಾಕಾ ಒಳಕೋಣೆ ತೆರೆದರೆ ಗಡಿಗೆ ಅಲ್ಲೇ ಇತ್ತು. ಬಾಯಿಗೆ ಸಗಣಿ ಮೆತ್ತಿತ್ತು. ಒಡೆದು ನೋಡಿದರೆ ಹೊಸ ಕಾಳು. ಹೊಲವಿಲ್ಲದ ಆರು ವರ್ಷವೂ ಅವಳು ಬೇರೆಯವರ ರಾಶಿಯಲ್ಲಿ ಕೂಲಿಗೆ ಬಂದ ಜೋಳದಿಂದಲೇ ಒಳ್ಳೆಯ ಕಾಳು ಆರಿಸಿ, ಹಳೆಯದನ್ನು ಬೀಸಿಕೊಂಡು, ಹೊಸದನ್ನು ತುಂಬಿ ಇಟ್ಟಿದ್ದಳು. ಯಾವ ಹೊಲಕ್ಕೆ ಎಂದು ಯಾರಿಗೂ ಗೊತ್ತಿಲ್ಲ. ಪಕ್ಕದ ಹೊಲದವರು ಬಂದು ಕಾಳು ಅಂಗೈಯಲ್ಲಿ ಹಿಡಿದು ನೋಡಿ, ಒಂದಕ್ಕೂ ಹುಳ ಹಿಡಿದಿಲ್ಲ ಎಂದು ಕೇಳಿಕೊಂಡು ಹೋಗಿ ಬಿತ್ತಿದರು. ಆಗ ನನಗೆ ಹತ್ತೊಂಬತ್ತು. ಆ ಗಡಿಗೆಯ ಮುಂದೆ ನಿಂತು ಅತ್ತಿದ್ದೆ, ಆದರೆ ಅದು ನನಗೆ ಏನು ಹೇಳಿತು ಎಂದು ಕೇಳಿಸಿಕೊಂಡಿರಲಿಲ್ಲ.

ನಮ್ಮ ಮಾತಿನಲ್ಲಿ ಬೇಡವಾದದ್ದನ್ನು ಬದಿಗಿಡುತ್ತೇವೆ. ಬೇಕಾದದ್ದನ್ನು ಎತ್ತಿಡುತ್ತೇವೆ. ನಾಲ್ಕು ವರ್ಷ ನಾನು ಆ ಹಾಳೆಯ ಮೇಲೆ ಒಂದು ಮಾತು ಓದಿ ಅದರಲ್ಲಿ ದೇವರ ಮುಖ ನೋಡುತ್ತಿದ್ದೆ, ಮುರಿದ ಕುರ್ಚಿಯನ್ನು ಮೂಲೆಗೆ ತಳ್ಳುವವನ ಮುಖ. ಅದೇ ಸಾಲಿನಲ್ಲಿ “ನಿನಗಾಗಿ” ಎಂದಿರುವುದನ್ನು ಕಣ್ಣು ನೋಡಿತ್ತು, ಎದೆ ನೋಡಿರಲಿಲ್ಲ. ಲೋಕಲ್ ಹಡಪಸರ ದಾಟುವಾಗ ನನಗೆ ಯೆಶಾಯನ ಮಾತು ನೆನಪಾಯಿತು. ಹೊಳೆಯುವಂತೆ ತಿಕ್ಕಿದ ಬಾಣವನ್ನೇ ಆತನು ಬತ್ತಳಿಕೆಯಲ್ಲಿ ಮುಚ್ಚಿಡುತ್ತಾನೆ. ಬತ್ತಳಿಕೆಯ ಒಳಗೂ ಕತ್ತಲೆಯೇ, ಗಡಿಗೆಯ ಒಳಗೂ ಕತ್ತಲೆಯೇ.

ಇಲ್ಲಿ ಒಂದು ಮಾತು ಹೇಳಲೇಬೇಕು, ಹಿರಿಯರು ಕ್ಷಮಿಸಬೇಕು. ಒಡಂಬಡಿಕೆಯ ಭಾನುವಾರಕ್ಕೆ ಈಗ ಯಾರೂ ಸಿದ್ಧರಾಗಿ ಬರುವುದಿಲ್ಲ. ಹಿಂದೆ ಶನಿವಾರ ಉಪವಾಸವಿದ್ದು, ಮುನಿಸಿಕೊಂಡವರ ಮನೆಗೆ ಹೋಗಿ ಕೈ ಹಿಡಿದು, ಆಮೇಲೆ ಮೇಜಿಗೆ ಬರುತ್ತಿದ್ದರು ಎಂದು ಅವ್ವ ಹೇಳುತ್ತಾಳೆ. ಈಗ ವರ್ಷದ ವಾಗ್ದಾನ ವಚನದ ಕಾರ್ಡ್ ಎಲ್ಲರಿಗೂ ಬೇಕು. ಕೊಡುತ್ತೇನೆ ಎಂದು ದೇವರು ಹೇಳಿದ್ದನ್ನು ಫ್ರಿಜ್ಜಿಗೆ ಅಂಟಿಸುತ್ತೇವೆ, ಕೊಡುತ್ತೇನೆ ಎಂದು ನಾವು ಹೇಳಬೇಕಾದ ದಿನ ಮಲಗಿರುತ್ತೇವೆ. ಮಕ್ಕಳು ಕನ್ನಡ ಕೀರ್ತನೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಗೋಡೆಯ ಮೇಲೆ ನೋಡಿ ಹಾಡುತ್ತವೆ. ತಪ್ಪು ಮಕ್ಕಳದಲ್ಲ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಕೂತು ಅಕ್ಷರ ತಿದ್ದಿಸಲು ನಮಗೆ ಹೊತ್ತಿಲ್ಲ. ನನ್ನ ಒಂಬತ್ತು ವರ್ಷದ ಮಗಳಿಗೆ ಎರಡು ವರ್ಷದಿಂದ ಮಾರ್ಕನ ಸುವಾರ್ತೆಯಿಂದಲೇ ಅಕ್ಷರ ಕಲಿಸುತ್ತಿದ್ದೇನೆ. ಒತ್ತಕ್ಷರ ಬಂದಾಗ ಅಳುತ್ತಾಳೆ. ಹನ್ನೊಂದನೆಯ ಅಧ್ಯಾಯಕ್ಕೆ ಬಂದಿದ್ದೇವೆ.

ಈ ಜನವರಿಯ ಭಾನುವಾರ ಚಳಿ ಇತ್ತು. ಮೊಣಕಾಲ ಕೆಳಗೆ ಕಲ್ಲು ತಣ್ಣಗೆ. ಮಗಳು ನನಗಂಟಿಕೊಂಡು ಹಾಳೆಯ ಮೇಲೆ ಬೆರಳಿಟ್ಟು ಕೂತಿದ್ದಳು. ಅಯ್ಯನವರು ಶುರುಮಾಡಿದರು, ಸಭೆ ಸೇರಿಕೊಂಡಿತು. ನಾನು ಇನ್ನು ನನ್ನವನಲ್ಲ. ಆ ಸಾಲು ಹತ್ತಿರ ಬರುತ್ತಿದ್ದಂತೆ ಎಂದಿನ ಹಾಗೆ ಗಂಟಲು ಬಿಗಿಯಿತು. ಕಣ್ಣು ಮುಚ್ಚಿದೆ. ತಲೆಯ ಮೇಲೆ ಆ ಭಾರ ಬಂತು. ಕಿವಿಯ ಹಿಂದೆ ಬೂದಿ ಉದುರಿದಂತಾಯಿತು. ನಾನು ಹಾಳೆ ನೋಡಲಿಲ್ಲ. ಬಾಯಿಗೆ ಬಂದದ್ದನ್ನು ದೊಡ್ಡ ದನಿಯಲ್ಲೇ ಹೇಳಿದೆನಂತೆ, ಮುಂದಿನ ಸಾಲಿನವರು ತಿರುಗಿ ನೋಡಿದರಂತೆ.

“ನಿನಗಾಗಿ ಕೆಲಸಕ್ಕೆ ತೆಗೆದುಕೊ, ಇಲ್ಲವೇ ನಿನಗಾಗಿ ಎತ್ತಿಡು.”

ಪ್ರಾರ್ಥನೆ ಮುಂದೆ ಹೋಯಿತು. ನನ್ನನ್ನು ತುಂಬಿಸು, ನನ್ನನ್ನು ಬರಿದುಮಾಡು. ಎಲ್ಲವೂ ಇರಲಿ, ಏನೂ ಇಲ್ಲದಿರಲಿ. ಎಲ್ಲವನ್ನೂ ಹೇಳಿದೆ. ಆಮೆನ್ ಅಂದ ಮೇಲೆ ಭೋಜನದ ಮೇಜಿಗೆ ಹೋಗಲು ಎದ್ದು ನಿಂತಾಗ ಮಗಳು ಅಂಗಿಯ ತೋಳು ಹಿಡಿದು ಎಳೆದಳು. ಹಾಳೆಯ ಮೇಲಿನ ಆ ಮಾತಿನ ಕೆಳಗೆ ಅವಳ ಬೆರಳು ಇನ್ನೂ ಹಾಗೇ ಇತ್ತು.

“ಅಪ್ಪಾ, ನೀವು ತಪ್ಪು ಓದಿದ್ರಿ. ಇಲ್ಲಿ ಬದಿಗಿಡು ಅಂತ ಇದೆ.”